ಮೈಸೂರು ಅಂತ ಚೀಟಿ ಇರುವ ಕಣಜದ ಹುಳ

ಲಂಡನ್

ಅಪ್ಪ, ಅಮ್ಮ, ಇಬ್ಬರಿಗೂ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಊಟದ ಚಿಂತೆ ಬೇಡ ಅಮ್ಮ, ನೀನು ಕಟ್ಟಿಕೊಟ್ಟ ರಾಗಿ ಹಿಟ್ಟು ಇನ್ನೂ ಇದೆ. ಅಪ್ಪ, ಮೊನ್ನೆ ನೀವು "ಸತ್ತ ಹುಳ ನೋಡೋಕೆ ಅಷ್ಟು ದೂರ ಹೋಗಬೇಕಿತ್ತಾ" ಅಂತ ಕೇಳಿದಿರಿ. ಫೋನಿನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ 3 ಕೋಟಿಗೂ ಜಾಸ್ತಿ ಕೀಟಗಳಿವೆ. ಡ್ರಾಯರ್ ಎಳೆದರೆ ಸಾಲು ಸಾಲು ಗುಂಡುಸೂಜಿ, ಸೂಜಿಗೆ ತ್ರಿಕೋನದ ರಟ್ಟು, ರಟ್ಟಿನ ತುದಿಗೆ ಅಂಟಿಸಿದ ಹುಳ, ಅದರ ಕೆಳಗೆ ಪುಟ್ಟ ಚೀಟಿ. ನಾನು ನೋಡುತ್ತಿರುವ ಕಣಜದ ಹುಳ ಎಳ್ಳುಕಾಳಿಗಿಂತ ದೊಡ್ಡದೇನಲ್ಲ. ಕಪ್ಪು ಮೈ, ಹಳದಿ ಕಾಲು. ಕಬ್ಬಿನ ಕಾಂಡ ಕೊರೆಯುವ ಹುಳದೊಳಗೆ ಮೊಟ್ಟೆ ಇಡುವ ಕೊಟೇಶಿಯಾ ಫ್ಲೇವಿಪಿಸ್ ಅಂತ ಒಂದು ಕಣಜ ಇದೆಯಲ್ಲ, ಇದು ಅದರ ಹತ್ತಿರದ ನೆಂಟ. ಹಿಂದೆ ಯಾರೋ ಎರಡೂ ಒಂದೇ ಅಂದುಕೊಂಡು ಒಂದೇ ಸಾಲಿನಲ್ಲಿ ಚುಚ್ಚಿಟ್ಟಿದ್ದಾರೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಇದರ ಹೊಟ್ಟೆಯ ಮೊದಲ ಭಾಗದ ಗೆರೆಗಳು ಬೇರೆ, ಮೊಟ್ಟೆ ಇಡುವ ಕೊಳವೆ ಉದ್ದ, ಮೀಸೆಯ ಗಿಣ್ಣುಗಳ ಅಳತೆಯೂ ಬೇರೆ. ಇದು ಹೊಸ ಜಾತಿ ಅನ್ನೋಕೆ ಒಂದು ಹುಳದಲ್ಲಿ ಹಾಗಿದ್ದರೆ ಸಾಲದು, ಇರುವಷ್ಟರಲ್ಲೂ ಹಾಗೇ ಇರಬೇಕು, ಆಮೇಲೆ ಹತ್ತಿರದ ಜಾತಿಗಳ ಮೂಲ ಮಾದರಿಗಳನ್ನೂ ತರಿಸಿ ಪಕ್ಕದಲ್ಲಿಟ್ಟು ನೋಡಬೇಕು. ಹೊಸ ಜಾತಿ ಅಂತ ಬರೆಯುವಾಗ ಒಂದೇ ಒಂದು ಹುಳವನ್ನು ಹೋಲೋಟೈಪ್ ಅಂತ ಆರಿಸುತ್ತೇವೆ. ಮುಂದೆ ಯಾರಿಗೆ ಅನುಮಾನ ಬಂದರೂ ಅದೇ ಸಾಕ್ಷಿ.

ಚೀಟಿಯಲ್ಲಿ ಮೈಸೂರು ಅಂತ ಮಾತ್ರ ಇದೆ. ಪಟ್ಟಣವಾ, ಸಂಸ್ಥಾನವಾ? 1973ರವರೆಗೆ ಇಡೀ ರಾಜ್ಯಕ್ಕೇ ಆ ಹೆಸರಿತ್ತು. ನಮ್ಮ ಮಂಡ್ಯ ಜಿಲ್ಲೆ ಆಗಿದ್ದೇ 1939ರಲ್ಲಿ, ಅಲ್ವಾ? ಅದಕ್ಕೂ ಮುಂಚೆ ನಮ್ಮ ಊರಿನ ಗದ್ದೆಯಲ್ಲೇ ಹಿಡಿದಿದ್ದರೂ ಚೀಟಿಯಲ್ಲಿ ಮೈಸೂರು ಅಂತಲೇ ಬರೆದಿರುತ್ತಿದ್ದರು. ಅದನ್ನು ನೆನೆಸಿಕೊಂಡರೆ ರಾತ್ರಿ ನಿದ್ದೆ ಬರಲ್ಲ.

ಹೆಸರಿಟ್ಟರೆ ಏನು ಬಂತು ಅಂತೀರ. ಕೊರಕದ ಮೊಟ್ಟೆ ನಾಶಮಾಡೋಕೆ ನೀವು ಕಬ್ಬಿನ ಗರಿಗೆ ಸಿಕ್ಕಿಸುವ ಟ್ರೈಕೋ ಕಾರ್ಡನ್ನೇ ನೋಡಿ. ಅದರಲ್ಲಿರುವ ಟ್ರೈಕೋಗ್ರಾಮಾ ಅನ್ನೋ ಕಣಜ ಒಂದು ಮಿಲಿಮೀಟರ್ ಕೂಡ ಇಲ್ಲ, ಅದರ ಜಾತಿಗಳು ನೋಡೋಕೆ ಎಲ್ಲಾ ಒಂದೇ ಥರ. ನಮ್ಮ ದೇಶದ್ದನ್ನು ಎಷ್ಟೋ ವರ್ಷ ಬೇರೆ ದೇಶದ ಜಾತಿಗಳ ಹೆಸರಿನಿಂದ ಕರೆಯುತ್ತಿದ್ದರು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ 1971ರಲ್ಲಿ ಜಾತಿ ಗುರುತಿಸೋಕೆ ಗಂಡು ಹುಳದ ಜನನಾಂಗದ ಆಕಾರ ಎಷ್ಟು ಮುಖ್ಯ ಅಂತ ತೋರಿಸಿಕೊಟ್ಟರು. ಇವತ್ತಿಗೂ ಪ್ರಪಂಚದಲ್ಲೆಲ್ಲಾ ಅದನ್ನು ನೋಡುತ್ತಾರೆ. ನನಗೆ ಅವರ ಮೇಲೆ ತುಂಬಾ ಗೌರವ. ಜಾತಿ ತಪ್ಪಿದರೆ ನಷ್ಟ ರೈತನಿಗೇ. ಕೊಟೇಶಿಯಾ ಥರದ ಕಣಜ ತನ್ನದಲ್ಲದ ಹುಳದೊಳಗೆ ಮೊಟ್ಟೆ ಇಟ್ಟರೆ ಆ ಹುಳದ ರಕ್ತದ ಕಣಗಳು ಮೊಟ್ಟೆಯನ್ನು ಸುತ್ತುಗಟ್ಟಿ ಸಾಯಿಸಿಬಿಡಬಹುದು, ಕೊರಕ ಮಾತ್ರ ಆರಾಮಾಗಿ ಸುಳಿ ತಿಂದುಕೊಂಡಿರುತ್ತದೆ.

ನನ್ನ ಕಣಜ ಯಾವ ಹುಳದ ಮೇಲೆ ಬದುಕುತ್ತದೆ ಅಂತ ಚೀಟಿಯಲ್ಲಿ ಬರೆದಿಲ್ಲ. ಸತ್ತ ಹುಳವನ್ನು ಎಷ್ಟು ನೋಡಿದರೂ ಅದು ಗೊತ್ತಾಗಲ್ಲ. ಅದಕ್ಕೆ ನಿಮ್ಮ ಸಹಾಯ ಬೇಕು ಅಪ್ಪ. ಸುಳಿ ಒಣಗಿದ ಕಬ್ಬು ಕಂಡರೆ ಸೀಳಿ, ಒಳಗಿನ ಹುಳವನ್ನು ಕಬ್ಬಿನ ತುಂಡಿನ ಜೊತೆಗೇ ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಲ್ಲಿಡಿ. ಎರಡು ದಿನಕ್ಕೊಮ್ಮೆ ತುಂಡು ಬದಲಾಯಿಸಿ. ಹುಳದ ಪಕ್ಕ ಸಣ್ಣ ಬಿಳಿ ಗೂಡುಗಳ ಗುಂಪು ಕಂಡರೆ ಮುಟ್ಟಬೇಡಿ, ಕೆಲವು ದಿನಕ್ಕೆ ಕಣಜ ಹೊರಗೆ ಬರುತ್ತವೆ. ಅಮ್ಮ, ಕಸ ಅಂತ ಎಸೆದುಬಿಡಬೇಡ. ಇಲ್ಲಿಗೆ ಪೋಸ್ಟ್ ಮಾಡಬೇಡಿ, 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಕಳಿಸುವ ಹಾಗಿಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ಕೀಟಶಾಸ್ತ್ರದವರಿಗೆ ಕೊಡಿ, ಯಾವ ಗದ್ದೆ, ಯಾವ ತಾರೀಕು, ಯಾವ ತಳಿ ಅಂತ ಚೀಟಿಯಲ್ಲಿ ಬರೆದು ಕೊಡಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಇಂಕು ಅಳಿಸಿಹೋಗುತ್ತದೆ.

ನಿಮ್ಮ ಮಗಳು