ಹನ್ನೊಂದನೇ ಡಬ್ಬಿ

ಆತ್ಮೀಯ ಸದಸ್ಯರೇ,

ಹಬ್ಬದ ರಜೆ ಹತ್ತಿರ ಬಂತು. ಈ ಸಲ ಅಂಗಡಿಯಿಂದ ತರುವುದು ಬೇಡ, ಮನೆಯಲ್ಲೇ ಏನಾದರೂ ತಿಂಡಿ ಮಾಡಿ ಉಡುಗೊರೆ ಕೊಡೋಣ ಅಂತ ನಿಮ್ಮಲ್ಲಿ ಹಲವರು ಮನಸ್ಸು ಮಾಡಿರಬಹುದು. ಒಳ್ಳೆಯದು. ಒಲೆ ಹಚ್ಚುವ ಮೊದಲು ನನ್ನ ಪೆದ್ದುತನದ ಕತೆ ಕೇಳಿಬಿಡಿ.

ಹೋದ ವರ್ಷ ಒಂದೇ ಡಬ್ಬಿಯಲ್ಲಿ ಎರಡು ಬಗೆ ತುಂಬಿದೆ. ಕೆಳಗೆ ಮೆತ್ತನೆಯ ಚಾಕೊಲೇಟ್ ಕುಕ್ಕಿ, ಮೇಲೆ ಸಕ್ಕರೆ ಪಾಕದಲ್ಲಿ ಹೊರಳಿಸಿದ ಗರಿಗರಿ ಬಾದಾಮಿ. ನಡುವೆ ಬಣ್ಣದ ಕಾಗದ, ಹೊರಗೆ ರಿಬ್ಬನ್. ಹತ್ತು ಮನೆಗೆ ಹಂಚಿದೆ. ಎಲ್ಲರೂ "ತುಂಬಾ ಚೆನ್ನಾಗಿತ್ತು ರೀ" ಅಂದರು. ಎರಡು ವಾರದ ಮೇಲೆ ಮನೆಯಲ್ಲಿ ಉಳಿದಿದ್ದ ಹನ್ನೊಂದನೇ ಡಬ್ಬಿ ತೆರೆದೆ. ಬಾದಾಮಿ ಅಂಟಂಟು. ಒಂದನ್ನು ಎಳೆದರೆ ನಾಲ್ಕು ಬರುತ್ತಿದ್ದವು. ಕುಕ್ಕಿ ಒಣಗಿ ಗಟ್ಟಿ. ಅದರ ತೇವವನ್ನೆಲ್ಲ ಬಾದಾಮಿಯ ಮೇಲಿನ ಸಕ್ಕರೆ ಹೀರಿಕೊಂಡಿತ್ತು. ಆ ಹತ್ತು ಮನೆಯವರ ಸೌಜನ್ಯ ನೆನೆದರೆ ಈಗಲೂ ನಾಚಿಕೆ.

ನಾವು ಕೊಡುವ ದಿನದ ಲೆಕ್ಕ ಹಾಕುತ್ತೇವೆ, ಅವರು ತೆರೆಯುವ ದಿನದ ಲೆಕ್ಕ ಮರೆಯುತ್ತೇವೆ. ಹಬ್ಬದ ದಿನ ಯಾರ ಮನೆಯಲ್ಲೂ ತಿಂಡಿಗೆ ಬರ ಇರುವುದಿಲ್ಲ, ಅಲ್ವಾ? ನಮ್ಮ ಡಬ್ಬಿಯ ಸರದಿ ಬರುವಾಗ ಹತ್ತು ಹದಿನೈದು ದಿನ ಕಳೆದಿರುತ್ತದೆ. ಅಷ್ಟು ದಿನ ತಡೆಯುವುದನ್ನೇ ಮಾಡಬೇಕು.

ಇದರಲ್ಲಿ ತೇವದ್ದೇ ಮುಖ್ಯ ತಕರಾರು. ಗರಿಗರಿಯದ್ದು, ಮೆತ್ತನೆಯದ್ದು ಒಂದೇ ಡಬ್ಬಿಗೆ ಬೇಡ. ಬಿಸಿ ಇರುವಾಗಲೇ ಮುಚ್ಚಳ ಹಾಕಿದರೆ ಒಳಗೆ ಹಬೆ ನೀರಾಗುತ್ತದೆ, ಮುಂದಿನದ್ದು ಬೂಷ್ಟು. ಟಾಫಿ ಮಾಡುವವರು ಪಾಕವನ್ನು 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ತರಬೇಕು. ಆಗ ಅದರಲ್ಲಿ ಉಳಿಯುವ ನೀರು ಶೇಕಡಾ 1ರಷ್ಟು ಮಾತ್ರ. ಥರ್ಮಾಮೀಟರ್ ಇಲ್ಲವೇ? ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಡಿ. ಬೆರಳಲ್ಲಿ ಮುರಿದಾಗ ಚಟ್ಟನೆ ಸದ್ದು ಬಂದರೆ ಆಯಿತು, ಬಾಗಿದರೆ ಇನ್ನೂ ಕುದಿಯಲಿ. ಮಳೆ ಹಿಡಿದ ದಿನ ಟಾಫಿಯ ಸಹವಾಸಕ್ಕೇ ಹೋಗಬೇಡಿ. ಗಾಳಿಯ ತೇವವೇ ಸಾಕು ಅದನ್ನು ಅಂಟಾಗಿಸಲು.

ಚಾಕೊಲೇಟ್ ಕರಗಿಸುವಾಗ ಒಂದು ಹನಿ ನೀರು ಬಿದ್ದರೂ ಅದು ಹಿಟ್ಟಿನ ಮುದ್ದೆಯಂತೆ ಬಿಗಿದುಕೊಳ್ಳುತ್ತದೆ. ಆಮೇಲೆ ಮೇಲೆ ಬಿಳಿ ಪುಡಿಯಂತೆ ಬಂದರೆ ಹೆದರಬೇಡಿ, ಅದು ಬೂಷ್ಟಲ್ಲ, ಕೊಬ್ಬು ಮೇಲೆ ಬಂದಿರುತ್ತದೆ. ತಿನ್ನಬಹುದು. ಕೊಡಲು ಮಾತ್ರ ಮುಜುಗರ! ಅಕ್ರೋಟು ಹಾಕುವವರು ಮೊದಲು ಒಂದನ್ನು ಬಾಯಿಗೆ ಹಾಕಿಕೊಂಡು ನೋಡಿ. ಅದರ ಎಣ್ಣೆ ಬೇಗ ಕಮಟುತ್ತದೆ. ಒಂದು ಕಮಟು ಕಾಳು ಇಡೀ ಡಬ್ಬಿಯ ರುಚಿ ಕೆಡಿಸುತ್ತದೆ.

ಇಲ್ಲಿಯವರೆಗಿನದ್ದು ರುಚಿಯ ಮಾತು. ಇನ್ನೆರಡು ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಚೆಂದದ ಬಾಟಲಿಯಲ್ಲಿ ಆಲಿವ್ ಎಣ್ಣೆ, ಒಳಗೆ ಹಸಿ ಬೆಳ್ಳುಳ್ಳಿ ಎಸಳು. ಫೋಟೋದಲ್ಲಿ ಸೊಗಸು, ಶೆಲ್ಫಿನಲ್ಲಿ ಅಪಾಯ. ಎಣ್ಣೆಯೊಳಗೆ ಗಾಳಿ ಇಲ್ಲ, ಬೆಳ್ಳುಳ್ಳಿಯಲ್ಲಿ ಹುಳಿ ಇಲ್ಲ. ಬೊಟುಲಿಸಂ, ಅಂದರೆ ಜೀವಕ್ಕೇ ಅಪಾಯವಾದ ಒಂದು ಬಗೆಯ ಆಹಾರ ವಿಷಬಾಧೆ, ಅದನ್ನು ತರುವ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಅಷ್ಟೇ. ವಾಸನೆ, ಬಣ್ಣ ಯಾವುದೂ ಬದಲಾಗದೆಯೂ ವಿಷ ಇರಬಹುದು. ಅಂಥ ಎಣ್ಣೆ ಫ್ರಿಜ್ಜಿನಲ್ಲಿಟ್ಟು 4 ದಿನದೊಳಗೆ ಮುಗಿಸುವ ವಸ್ತು, ಉಡುಗೊರೆಯ ವಸ್ತುವಲ್ಲ. ಇನ್ನೊಂದು, ಗಾಜಿನ ಜಾಡಿಯಲ್ಲೇ ಕೇಕ್ ಬೇಯಿಸಿ ಬಿಸಿಬಿಸಿಯಾಗಿ ಮುಚ್ಚಳ ಬಿಗಿಯುವುದು. ಒವನ್ ಎಷ್ಟೇ ಸುಟ್ಟರೂ ಕೇಕಿನ ಒಡಲು 100 ಡಿಗ್ರಿ ದಾಟುವುದಿಲ್ಲ. ಆ ಬ್ಯಾಕ್ಟೀರಿಯಾದ ಬೀಜಕಣ ಸಾಯಲು ಅಷ್ಟು ಬಿಸಿ ಸಾಲದು. ಜಾಡಿಯೇ ಬೇಕೆಂದರೆ ಕೇಕಿನ ಒಣ ಹಿಟ್ಟು, ಸಕ್ಕರೆ, ಕೋಕೋ ಪುಡಿಗಳನ್ನು ಪದರ ಪದರವಾಗಿ ತುಂಬಿ, ಮಾಡುವ ವಿಧಾನ ಬರೆದು ಕೊಡಿ. ಬೇಯಿಸುವ ಕೆಲಸ ಅವರದ್ದು.

ರಿಬ್ಬನ್ ಮರೆತರೂ ಚೀಟಿ ಮರೆಯಬೇಡಿ. ಮಾಡಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಏನೇನು ಹಾಕಿದ್ದೀರಿ, ಇಷ್ಟು ಸಾಕು. ಕಡಲೆಕಾಯಿ, ಗೋಡಂಬಿ, ಎಳ್ಳು, ಹಾಲು, ಮೊಟ್ಟೆ, ಗೋಧಿ ಇದ್ದರೆ ಹೆಸರಿಟ್ಟೇ ಬರೆಯಿರಿ. ಯಾರ ಮೈಗೆ ಯಾವುದು ಆಗುವುದಿಲ್ಲವೋ ನಮಗೇನು ಗೊತ್ತು? ಜೇನು ಹಾಕಿದ್ದರೆ "1 ವರ್ಷದೊಳಗಿನ ಮಗುವಿಗೆ ಬೇಡ" ಅಂತಲೂ ಒಂದು ಸಾಲು ಇರಲಿ. ಅಂದಹಾಗೆ, ವಿಮಾನದಲ್ಲಿ ಒಯ್ಯುವವರೇ, ಜಾಮ್ ಕೂಡ ದ್ರವದ ಲೆಕ್ಕಕ್ಕೇ ಬರುತ್ತದೆ. ಕೈಚೀಲದಲ್ಲಿಟ್ಟು ತಪಾಸಣೆಯಲ್ಲಿ ಕಳೆದುಕೊಳ್ಳಬೇಡಿ.

ಈ ಸಲ ನಾನು ಬರೀ ಬಾದಾಮಿ ಮಾಡುತ್ತಿದ್ದೇನೆ. ಡಬ್ಬಿ ಮಾತ್ರ ಹನ್ನೊಂದೇ. ಹತ್ತು ಹಂಚಲು, ಒಂದು ಮನೆಯಲ್ಲೇ ಮುಚ್ಚಿಡಲು. ಹದಿನೈದನೇ ದಿನ ತೆರೆದು ನೋಡಿ, ಕಂಡದ್ದನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.

ನಿಮ್ಮ
ಸಂಪಾದಕ