ಲಂಡನ್ನಿಗೆ ಓದಲು ಹೋಗುವವರು ಊರನ್ನೂ ನೋಡಲಿ

ಮಾನ್ಯ ಸಂಪಾದಕರೇ,

ವಿದೇಶ ವ್ಯಾಸಂಗದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಮಾಹಿತಿ ಸಾಮಾನ್ಯವಾಗಿ ಶುಲ್ಕ, ವೀಸಾ, ಬ್ಯಾಂಕ್ ಸಾಲಕ್ಕೆ ಮುಗಿಯುತ್ತದೆ. ಸೀಟು ಸಿಕ್ಕಿ ಲಂಡನ್ನಿನಲ್ಲಿ ಇಳಿದ ಮೇಲೆ ಆ ಊರಲ್ಲಿ ಹೇಗೆ ಓಡಾಡಬೇಕು ಎಂಬುದನ್ನು ಹೇಳಿಕೊಡುವವರು ಕಡಿಮೆ. ಬ್ರಿಟನ್ನಿನಲ್ಲಿ ಸ್ನಾತಕೋತ್ತರ ಪದವಿ ಬಹುಪಾಲು ಒಂದೇ ವರ್ಷದ್ದು. ಸೆಪ್ಟೆಂಬರಿನಲ್ಲಿ ಶುರುವಾದರೆ ಮುಂದಿನ ಸೆಪ್ಟೆಂಬರಿನ ಹೊತ್ತಿಗೆ ಪ್ರಬಂಧ ಒಪ್ಪಿಸಿ ಮುಗಿಯಿತು. ಸಾಲ ಮಾಡಿ ಬಂದ ಹುಡುಗ ಹುಡುಗಿಯರು ಖರ್ಚಿಗೆ ಹೆದರಿ ರೂಮು, ತರಗತಿ, ಪಾರ್ಟ್‌ಟೈಮ್ ಕೆಲಸ ಇಷ್ಟರಲ್ಲೇ ಆ ವರ್ಷ ಕಳೆದುಬಿಡುತ್ತಾರೆ. ಇದು ನಮಗೆ ನಿಜಕ್ಕೂ ಬೇಸರ ತರುವ ಸಂಗತಿ. ಲಂಡನ್ನಿನಲ್ಲಿ ಜೇಬು ಸುಡುವುದು ಮನೆ ಬಾಡಿಗೆ. ದರದ ನಿಯಮ ತಿಳಿದವರಿಗೆ ಊರು ನೋಡುವುದು ಅಷ್ಟೇನೂ ದುಬಾರಿಯಲ್ಲ.

ಮೊದಲು ಬಸ್ಸಿನ ವಿಷಯ. 2014ರ ಜುಲೈನಿಂದ ಲಂಡನ್ ಬಸ್ಸುಗಳಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಮೊದಲೇ ದುಡ್ಡು ತುಂಬಿಸಿಟ್ಟುಕೊಳ್ಳುವ ಆಯ್ಸ್ಟರ್ ಎಂಬ ಪ್ರಯಾಣ ಕಾರ್ಡನ್ನೋ ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡನ್ನೋ ಹತ್ತುವಾಗ ಒಮ್ಮೆ ತಾಗಿಸಿದರೆ ಸಾಕು, ಇಳಿಯುವಾಗ ಬೇಡ. ದೂರ ಎಷ್ಟಿದ್ದರೂ ದರ ಒಂದೇ. ಹಾಪರ್ ಎಂಬ ನಿಯಮದಂತೆ, ಮೊದಲ ಬಸ್ಸಿಗೆ ಕಾರ್ಡ್ ತಾಗಿಸಿದ ಗಳಿಗೆಯಿಂದ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಮತ್ತೆ ದುಡ್ಡು ಕಡಿತವಾಗುವುದಿಲ್ಲ. ಕೊನೆಯ ಬಸ್ಸನ್ನು ಆ ಗಂಟೆ ಮುಗಿಯುವುದರೊಳಗೆ ಹತ್ತಿದರಾಯಿತು, ಇಳಿಯುವುದು ತಡವಾದರೂ ಚಿಂತೆಯಿಲ್ಲ. ಹೊಸಬರು ಹಾಪ್-ಆನ್ ಪ್ರವಾಸಿ ಬಸ್ಸಿಗೆ ದುಡ್ಡು ಸುರಿಯುವ ಬದಲು 15ನೇ ನಂಬರ್ ಹತ್ತಿ ಮಹಡಿಯ ಮುಂದಿನ ಸೀಟು ಹಿಡಿಯಲಿ. ಟ್ರಫಾಲ್ಗರ್ ಚೌಕದಿಂದ ಹೊರಟು ಸೇಂಟ್ ಪಾಲ್ಸ್ ಚರ್ಚಿನ ಮುಂದೆ ಹಾದು ಲಂಡನ್ ಟವರಿನ ಪಕ್ಕಕ್ಕೆ ಬರುತ್ತದೆ. 24ನೇ ನಂಬರ್ ಉತ್ತರದ ಹ್ಯಾಂಪ್‌ಸ್ಟೆಡ್ ಹೀತ್‌ನಿಂದ ಕ್ಯಾಮ್ಡನ್, ವೈಟ್‌ಹಾಲ್, ಸಂಸತ್ತು ತೋರಿಸಿಕೊಂಡು ಪಿಮ್ಲಿಕೊಗೆ ಹೋಗುತ್ತದೆ.

ಟ್ಯೂಬ್ ಎಂಬ ಸುರಂಗ ರೈಲಿನಲ್ಲಿ ಹತ್ತುವಾಗಲೂ ಇಳಿಯುವಾಗಲೂ ತಾಗಿಸಬೇಕು, ಎರಡು ಸಲವೂ ಒಂದೇ ಕಾರ್ಡ್ ಇರಬೇಕು. ಎಡವಟ್ಟಾಗುವುದು ಇಲ್ಲೇ. ಒಳಗೆ ಹೋಗುವಾಗ ಫೋನ್, ಹೊರಗೆ ಬರುವಾಗ ಅದೇ ಖಾತೆಯ ಪ್ಲಾಸ್ಟಿಕ್ ಕಾರ್ಡ್ ತಾಗಿಸಿದರೆ ಯಂತ್ರದ ಲೆಕ್ಕದಲ್ಲಿ ಅವು ಎರಡು ಬೇರೆ ಕಾರ್ಡುಗಳು. ಎರಡಕ್ಕೂ ಪ್ರಯಾಣ ಅರ್ಧಕ್ಕೇ ನಿಂತಂತೆ ಆಗಿ ಗರಿಷ್ಠ ದರ ಬೀಳುತ್ತದೆ. ಪೂರ್ವ ಲಂಡನ್ನಿನ ಡಿಎಲ್ಆರ್ ಎಂಬ ಲಘು ರೈಲಿನ ಎಷ್ಟೋ ನಿಲ್ದಾಣಗಳಲ್ಲಿ ಗೇಟೇ ಇಲ್ಲ, ಕಂಬದ ಮೇಲೆ ಕಾರ್ಡ್ ತಾಗಿಸುವ ಒಂದು ರೀಡರ್ ಮಾತ್ರ ಇರುತ್ತದೆ. ಮಾತಾಡುತ್ತ ಅದನ್ನು ದಾಟಿ ಹೋಗಿಬಿಟ್ಟರೆ ದಂಡಕ್ಕೆ ಗುರಿಯಾಗಬೇಕಾದೀತು. ಕಾರ್ಡನ್ನು ನಗರದ ಸಾರಿಗೆ ಸಂಸ್ಥೆಯಾದ ಟಿಎಫ್ಎಲ್‌ನ ಆನ್‌ಲೈನ್ ಖಾತೆಗೆ ಸೇರಿಸಿಟ್ಟರೆ ಪ್ರತಿ ಪ್ರಯಾಣವೂ ಕಾಣುತ್ತದೆ. ತಪ್ಪಿ ಕಡಿತವಾಗಿದ್ದರೆ ಅಲ್ಲೇ ವಾಪಸ್ ಕೇಳಬಹುದು.

ಗುಲಾಬಿ ಬಣ್ಣದ ರೀಡರ್ ಬಗ್ಗೆ ಹೇಳಲೇಬೇಕು. ಸ್ಟ್ರಾಟ್‌ಫರ್ಡ್, ಹೈಬರಿ ಆ್ಯಂಡ್ ಇಸ್ಲಿಂಗ್ಟನ್, ಕೆನಡಾ ವಾಟರ್‌ನಂಥ ರೈಲು ಬದಲಿಸುವ ನಿಲ್ದಾಣಗಳಲ್ಲಿ ಗೇಟಿನಿಂದ ದೂರ, ಪ್ಲಾಟ್‌ಫಾರ್ಮ್‌ಗಳ ನಡುವೆ ಇದು ನಿಂತಿರುತ್ತದೆ. ನಗರದ ನಡುಭಾಗವಾದ 1ನೇ ವಲಯಕ್ಕೆ ಹೋಗದೆ ಸುತ್ತುದಾರಿಯಲ್ಲಿ ಬಂದವರಿಗೆ ದರ ಕಡಿಮೆ. ಆದರೆ ನೀವು ಯಾವ ದಾರಿಯಲ್ಲಿ ಬಂದಿರಿ ಎಂಬುದು ಗೇಟಿಗೆ ಗೊತ್ತಾಗುವುದಿಲ್ಲ. ನಡುವೆ ಈ ಗುಲಾಬಿ ರೀಡರಿಗೆ ತಾಗಿಸಿದ್ದರೆ ಮಾತ್ರ ಕಡಿಮೆ ದರ ಸಿಗುತ್ತದೆ, ಇಲ್ಲವಾದರೆ ನಡುಭಾಗ ಹಾದು ಬಂದಿರಿ ಎಂದೇ ಲೆಕ್ಕ. ಪ್ರತಿದಿನ ಆ ದಾರಿಯಲ್ಲಿ ಓಡಾಡುವವರಿಗೆ ವರ್ಷಕ್ಕೆ ಇದು ಸಣ್ಣ ಮೊತ್ತವಲ್ಲ.

ರಿಯಾಯಿತಿ ಕಾರ್ಡುಗಳಲ್ಲೂ ಗೊಂದಲವಿದೆ. 18 ಪ್ಲಸ್ ಸ್ಟೂಡೆಂಟ್ ಆಯ್ಸ್ಟರ್ ಕೊಡುವ ಶೇ 30 ರಿಯಾಯಿತಿ ವಾರ, ತಿಂಗಳಿನ ಪಾಸುಗಳಿಗೆ ಮಾತ್ರ, ಬಿಡಿ ಪ್ರಯಾಣಕ್ಕಿಲ್ಲ. ವಾರಕ್ಕೆ ಎರಡು ಮೂರು ದಿನ ಮಾತ್ರ ಕಾಲೇಜಿರುವ ಸ್ನಾತಕೋತ್ತರ ವಿದ್ಯಾರ್ಥಿಗೆ ತಿಂಗಳ ಪಾಸು ನಷ್ಟವೇ. ಅಂಥವರಿಗೆ ಒಗ್ಗುವುದು ಯುವಕರಿಗೂ ವಿದ್ಯಾರ್ಥಿಗಳಿಗೂ ರೈಲು ದರ ಇಳಿಸುವ 16-25 ರೈಲ್‌ಕಾರ್ಡ್. ವಯಸ್ಸು 26 ದಾಟಿದ್ದರೂ ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದರೆ ಸಿಗುತ್ತದೆ. ಇದನ್ನು ಕೊಂಡು ಸುಮ್ಮನಿದ್ದರೆ ಟ್ಯೂಬಿನಲ್ಲಿ ಏನೂ ಪ್ರಯೋಜನವಿಲ್ಲ. ಟ್ಯೂಬ್ ನಿಲ್ದಾಣದ ಸಿಬ್ಬಂದಿಗೆ ರೈಲ್‌ಕಾರ್ಡ್ ಮತ್ತು ಆಯ್ಸ್ಟರ್ ಎರಡನ್ನೂ ತೋರಿಸಿ, ಟಿಕೆಟ್ ಯಂತ್ರದಲ್ಲಿ ಒಂದಕ್ಕೊಂದು ಜೋಡಿಸಿಕೊಡಿ ಎಂದು ಕೇಳಬೇಕು. ಆಮೇಲೆ ದಟ್ಟಣೆಯಿಲ್ಲದ ಹೊತ್ತಿನ ಟ್ಯೂಬ್ ದರದಲ್ಲಿ ಮೂರನೇ ಒಂದು ಭಾಗ ತಾನಾಗಿ ಇಳಿಯುತ್ತದೆ. ವಾರದ ದಿನಗಳಲ್ಲಿ ಬೆಳಿಗ್ಗೆ 6.30ರಿಂದ 9.30, ಸಂಜೆ 4ರಿಂದ 7 ದಟ್ಟಣೆಯ ಹೊತ್ತು. ಬಸ್ಸಿಗೆ ಈ ರಿಯಾಯಿತಿ ಅನ್ವಯಿಸದು. ಬ್ಯಾಂಕ್ ಕಾರ್ಡಿಗೆ ಜೋಡಿಸಲು ಬರುವುದಿಲ್ಲವಾದ್ದರಿಂದ ಆಯ್ಸ್ಟರ್ ಇಟ್ಟುಕೊಳ್ಳುವುದೇ ಲೇಸು.

ಎಲ್ಲಕ್ಕಿಂತ ಅಗ್ಗದ್ದು ಕಾಲ್ನಡಿಗೆ. ಟ್ಯೂಬ್ ನಕ್ಷೆ ನೋಡಿ ದೂರ ಅಳೆಯಬೇಡಿ. 1933ರಲ್ಲಿ ಹ್ಯಾರಿ ಬೆಕ್ ಕೊಟ್ಟ ರೂಪ ಅದು, ರೈಲು ಬದಲಿಸುವವರಿಗಾಗಿ ಮಾಡಿದ್ದು, ನೆಲದ ಅಳತೆಗೂ ಅದಕ್ಕೂ ಸಂಬಂಧವಿಲ್ಲ. ಲೆಸ್ಟರ್ ಸ್ಕ್ವೇರ್‌ನಿಂದ ಕವೆಂಟ್ ಗಾರ್ಡನ್‌ಗೆ ಇರುವುದು ಸುಮಾರು 260 ಮೀಟರ್. ಪಾತಾಳಕ್ಕಿಳಿದು ರೈಲು ಹಿಡಿಯುವ ಹೊತ್ತಿಗೆ ನಡೆದೇ ತಲುಪಿರುತ್ತೀರಿ. ರಸ್ತೆ ಬದಿಯಲ್ಲಿ ಹಳದಿ ತಲೆಪಟ್ಟಿಯ ಎತ್ತರದ ನಕ್ಷೆಫಲಕಗಳಿವೆ. ಅವುಗಳಲ್ಲಿ ಉತ್ತರ ದಿಕ್ಕು ಮೇಲಿರುವುದಿಲ್ಲ. ಫಲಕ ನೋಡುತ್ತ ನಿಂತವರ ಮುಖ ಯಾವ ಕಡೆಗಿದೆಯೋ ಅದೇ ಮೇಲಿರುತ್ತದೆ. ಇದು ತಿಳಿಯದೆ ಉಲ್ಟಾ ದಿಕ್ಕಿಗೆ ಹೋಗುವವರು ಬಹಳ. ಐದು ನಿಮಿಷದ ನಡಿಗೆ ಎಷ್ಟು ದೂರ ಎಂದು ತೋರಿಸುವ ವೃತ್ತವೂ ಅದರಲ್ಲೇ ಇರುತ್ತದೆ.

ಇನ್ನು ಬೆಳಕಿನ ಲೆಕ್ಕ. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಡಿಸೆಂಬರಿನಲ್ಲಿ ಬೆಳಗಾಗುವುದು 8ರ ಸುಮಾರಿಗೆ, ಸಂಜೆ 4ಕ್ಕೆ ಮುಂಚೆಯೇ ಸೂರ್ಯ ಮುಳುಗಿರುತ್ತಾನೆ. 'ಮೊದಲು ಓದು, ಆಮೇಲೆ ಊರು' ಎಂದುಕೊಂಡವರು ತರಗತಿ ಮುಗಿಸಿ ಹೊರಬಂದರೆ ಕತ್ತಲು. ಹಾಗಾಗಿ ನದಿ, ಪಾರ್ಕು, ಬೆಟ್ಟಗಳನ್ನು ಬಂದ ಮೊದಲ ಆರು ವಾರದಲ್ಲೇ ನೋಡಿಬಿಡಬೇಕು. ಸೆಪ್ಟೆಂಬರಿನಲ್ಲೇ ನಡೆಯುವ ಓಪನ್ ಹೌಸ್ ಉತ್ಸವದಲ್ಲಿ ಬೇರೆ ದಿನ ಒಳಗೆ ಬಿಡದ ಎಷ್ಟೋ ಕಟ್ಟಡಗಳು ಉಚಿತವಾಗಿ ತೆರೆದಿರುತ್ತವೆ. ಕೆಲವಕ್ಕೆ ಮುಂಗಡ ಬುಕಿಂಗ್ ಬೇಕು. ಗ್ರೀನಿಚ್‌ಗೆ ಹೋಗುವವರು ಡಿಎಲ್ಆರ್‌ನಲ್ಲಿ ಐಲ್ಯಾಂಡ್ ಗಾರ್ಡನ್ಸ್‌ಗೆ ಬಂದು, 1902ರಲ್ಲಿ ತೆರೆದ ಸುರಂಗದೊಳಗೆ ಥೇಮ್ಸ್ ನದಿಯ ಅಡಿಯಿಂದ ನಡೆದು ಆಚೆ ದಡ ಸೇರಬಹುದು. ದುಡ್ಡಿಲ್ಲ. ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಬಲಕ್ಕೆ ತಿರುಗಿ ನದಿಯಂಚಿನಲ್ಲೇ ನಡೆದರೆ, ಲ್ಯಾಂಬೆತ್ ಸೇತುವೆ ಕಳೆದ ಮೇಲೆ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಸಿಗುತ್ತದೆ.

ಚಳಿಗಾಲ ಮ್ಯೂಸಿಯಮ್ಮುಗಳಿಗೆ. 2001ರ ಡಿಸೆಂಬರಿನಿಂದ ರಾಷ್ಟ್ರೀಯ ಸಂಗ್ರಹಾಲಯಗಳ ಕಾಯಂ ಸಂಗ್ರಹಕ್ಕೆ ಪ್ರವೇಶ ಶುಲ್ಕವಿಲ್ಲ, ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್. ಶುಕ್ರವಾರ ರಾತ್ರಿ ಬ್ರಿಟಿಷ್ ಮ್ಯೂಸಿಯಂ 8.30ರವರೆಗೆ, ನ್ಯಾಷನಲ್ ಗ್ಯಾಲರಿ 9ರವರೆಗೆ, ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ 10ರವರೆಗೆ ತೆರೆದಿರುತ್ತವೆ. ಆಗ ಶಾಲಾ ಮಕ್ಕಳ ಗುಂಪುಗಳೂ ಇರುವುದಿಲ್ಲ. ಪ್ರವೇಶ ಉಚಿತವಾದ್ದರಿಂದ ಒಂದೇ ದಿನ ಎಲ್ಲ ಮುಗಿಸುವ ಹಟ ಬೇಡ. ಒಂದು ಸಲಕ್ಕೆ ಒಂದೇ ಕೋಣೆ ನೋಡಿ. ಹುಲಿ ಸೈನಿಕನ ಮೇಲೆ ಬಿದ್ದಿರುವ ಟಿಪ್ಪುವಿನ ಮರದ ಯಂತ್ರ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್‌ನಲ್ಲಿದೆ, ಅಮರಾವತಿಯ ಶಿಲ್ಪಗಳು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಡಾ. ಅಂಬೇಡ್ಕರ್ ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದುವಾಗ 1921-22ರಲ್ಲಿ ವಾಸವಿದ್ದ ಮನೆ ಕಿಂಗ್ ಹೆನ್ರೀಸ್ ರಸ್ತೆಯಲ್ಲಿ ಸ್ಮಾರಕವಾಗಿದೆ. ಚಾಕ್ ಫಾರ್ಮ್ ನಿಲ್ದಾಣದಿಂದ ಹತ್ತಿರ, ಪ್ರಿಮ್‌ರೋಸ್ ಹಿಲ್ ಕೂಡ ಪಕ್ಕದಲ್ಲೇ. ಆಗ ಅವರು ಪುಸ್ತಕಗಳಿಗಾಗಿ ಹೋಗುತ್ತಿದ್ದ ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯದ ಸಂಗ್ರಹ ಈಗ ಸೇಂಟ್ ಪ್ಯಾಂಕ್ರಸ್‌ನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಓದುಗರಿಗೆ ಕೊಡುವ ರೀಡರ್ ಪಾಸ್ ಉಚಿತ. ವಾಚನಾಲಯದೊಳಗೆ ಪೆನ್ನಿಗೆ ಅವಕಾಶವಿಲ್ಲ, ಪೆನ್ಸಿಲ್ ಮಾತ್ರ. ಬ್ಯಾಗು, ಕೋಟು ಲಾಕರಿನಲ್ಲಿಟ್ಟು ಬೇಕಾದ್ದನ್ನು ಪಾರದರ್ಶಕ ಚೀಲದಲ್ಲಿ ಒಯ್ಯಬೇಕು.

ಕೊನೆಯದಾಗಿ, ಪೋಷಕರೂ ಗಮನಿಸಬೇಕಾದ ಒಂದು ವಿಷಯ. ಪದವಿ, ಸ್ನಾತಕೋತ್ತರ ಮಟ್ಟದ ಸ್ಟೂಡೆಂಟ್ ವೀಸಾದಲ್ಲಿ ಟರ್ಮ್ (ಓದಿನ ಅವಧಿ) ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ವಾರವೆಂದರೆ ಸೋಮವಾರದಿಂದ ಭಾನುವಾರ. ಒಂದು ವಾರ 15, ಇನ್ನೊಂದು ವಾರ 25 ಮಾಡಿ ಸರಾಸರಿ ಹೇಳಿದರೆ ನಡೆಯದು. ಆ್ಯಪ್ ಮೂಲಕ ಊಟ ತಲುಪಿಸುವಂಥ ಸ್ವಯಂ ಉದ್ಯೋಗ ಪೂರ್ತಿ ನಿಷಿದ್ಧ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತರಗತಿಗಳಿಲ್ಲದ್ದರಿಂದ ಅದು ರಜೆ ಎಂದು ಅನೇಕರು ನಂಬಿದ್ದಾರೆ. ಪದವಿ ಹಂತದಿಂದ ಬಂದ ಅಭ್ಯಾಸ ಅದು. ಸ್ನಾತಕೋತ್ತರ ವಿದ್ಯಾರ್ಥಿಗೆ ಆ ತಿಂಗಳುಗಳು ಪ್ರಬಂಧದ ಅವಧಿ, ಹಾಗಾಗಿ 20 ಗಂಟೆಯ ಮಿತಿ ಆಗಲೂ ಇರುತ್ತದೆ. ಬಹಳ ಹೊತ್ತು ಬೆಳಕಿರುವ ಆ ದಿನಗಳಲ್ಲಿ ಮಿತಿ ಮೀರಿ ದುಡಿದು ವೀಸಾವನ್ನೇ ಅಪಾಯಕ್ಕೆ ಒಡ್ಡಿಕೊಳ್ಳುವವರಿದ್ದಾರೆ. ಸೇರಿದ ವಾರವೇ ವಿಶ್ವವಿದ್ಯಾಲಯದಿಂದ ನಿಮ್ಮ ಕೋರ್ಸಿನ ಟರ್ಮ್ ಮತ್ತು ರಜೆಯ ದಿನಾಂಕಗಳ ಪತ್ರವನ್ನು ಬರಹದಲ್ಲಿ ಪಡೆದಿಟ್ಟುಕೊಳ್ಳಿ. ಕೆಲಸ ಕೊಡುವವರೂ ಮೊದಲು ಕೇಳುವುದು ಅದನ್ನೇ.

– ಲಂಡನ್ನಿನಲ್ಲಿ ಓದುತ್ತಿರುವ ಮತ್ತು ಓದು ಮುಗಿಸಿದ ಕೆಲವು ಕನ್ನಡಿಗರು