ಮಗಳಿಗೊಂದು ಪತ್ರ: ಮಾರಾದ ರಣಹದ್ದುಗಳು

ಪ್ರೀತಿಯ ಪುಟ್ಟಿ,

‘ಸಿಂಹ ನೋಡಿದ್ಯಾ ಅಮ್ಮಾ?’ ಅಂತ ಫೋನಿನಲ್ಲಿ ಕೇಳಿದೆ. ನೋಡಿದೆವು. ಹುಲ್ಲಿನಲ್ಲಿ ಮಲಗಿತ್ತು, ಸುತ್ತ ಜೀಪುಗಳು ನಿಂತಿದ್ದವು. ಫೋಟೋ ಅಪ್ಪ ಕಳಿಸುತ್ತಾರೆ. ನಾನು ಬರೆಯಲು ಕೂತಿರುವುದು ರಣಹದ್ದುಗಳ ಬಗ್ಗೆ. ದನದ ಡಾಕ್ಟರ್ ಆಗಲು ಹೊರಟವಳು ನೀನು, ನಿನಗೆ ಇದನ್ನು ಹೇಳಲೇಬೇಕು.

ಇದು ವಿಲ್ಡೆಬೀಸ್ಟ್ ಅನ್ನುವ ಹುಲ್ಲು ಮೇಯುವ ಕಾಡುಪ್ರಾಣಿಗಳ ಹಿಂಡುಗಳು ಹುಲ್ಲು ಹುಡುಕಿಕೊಂಡು ತಾಂಜಾನಿಯಾದ ಸೆರೆಂಗೆಟಿಯಿಂದ ಇಲ್ಲಿಗೆ, ಕೀನ್ಯಾದ ಮಸಾಯಿ ಮಾರಾಕ್ಕೆ ಬರುವ ಕಾಲ. ಮಾರಾ ನದಿ ದಾಟುವಾಗ ವರ್ಷಕ್ಕೆ ಸರಾಸರಿ 6,000ಕ್ಕೂ ಹೆಚ್ಚು ಮುಳುಗಿ ಸಾಯುತ್ತವಂತೆ. ಮೊಸಳೆಗಳು ತಿನ್ನುವುದು ಅದರಲ್ಲಿ ಸ್ವಲ್ಪವೇ.

ದಂಡೆಯ ಮೇಲೆ ಒಂದು ಹೆಣ ಬಿದ್ದಿತ್ತು. ಬಿಳಿಬೆನ್ನಿನ ರಣಹದ್ದುಗಳು ಮುತ್ತಿಕೊಂಡು ಕಿತ್ತಾಡುತ್ತಿದ್ದವು. ಆದರೆ ದಪ್ಪ ಚರ್ಮ ಹರಿಯುವುದು ಅವಕ್ಕೆ ಕಷ್ಟ. ಆಗ ಲ್ಯಾಪೆಟ್-ಫೇಸ್ಡ್ ಅನ್ನುವ ದೊಡ್ಡ ರಣಹದ್ದು ರೆಕ್ಕೆ ಹರಡಿಕೊಂಡು ಕುಪ್ಪಳಿಸುತ್ತಾ ಬಂತು. ಉಳಿದವೆಲ್ಲ ಜಾಗ ಬಿಟ್ಟವು. ಅದರ ಕೊಕ್ಕಿನ ಬಲ ನೋಡಬೇಕಿತ್ತು ನೀನು! ಅದು ಚರ್ಮ ಸೀಳಿದ ಮೇಲೆ ಬೇರೆಯವು ಉದ್ದ ಕತ್ತನ್ನು ಒಳಗೆ ತೂರಿಸಿದವು. ಚಿಕ್ಕ ಜಾತಿಯವು ಅಂಚಿನಲ್ಲಿ ಚೂರುಪಾರು ಹೆಕ್ಕುತ್ತಿದ್ದವು. ವಾಸನೆ ತಡೆಯಲಾಗದೆ ಮೂಗಿಗೆ ದುಪಟ್ಟಾ ಹಿಡಿದೆ, ಕಣ್ಣು ಮಾತ್ರ ಕದಲಲಿಲ್ಲ.

ಅವುಗಳಲ್ಲಿ ರಪೆಲ್ಸ್ ರಣಹದ್ದೂ ಇತ್ತು. 1973ರಲ್ಲಿ ಈ ಜಾತಿಯ ಒಂದು ಹಕ್ಕಿ ಐವರಿ ಕೋಸ್ಟ್ ಮೇಲೆ ವಿಮಾನಕ್ಕೆ ಬಡಿದಿತ್ತು. ಎಷ್ಟು ಎತ್ತರದಲ್ಲಿ ಗೊತ್ತಾ? ಸುಮಾರು 11,300 ಮೀಟರ್!

ನಾನು ಚಿಕ್ಕವಳಿದ್ದಾಗ ನಮ್ಮೂರಿನಲ್ಲೂ ಸತ್ತ ದನವನ್ನು ಊರಾಚೆ ಹಾಕಿದರೆ ರಣಹದ್ದು ಇಳಿಯುತ್ತಿದ್ದವು. ನೀನು ಅದನ್ನು ನೋಡಿಯೇ ಇಲ್ಲ. ದನಕ್ಕೆ ಕೊಡುತ್ತಿದ್ದ ನೋವಿನ ಔಷಧ ಡೈಕ್ಲೋಫಿನಾಕ್ ಹೆಣದಲ್ಲಿ ಉಳಿದು, ತಿಂದ ಹಕ್ಕಿಗಳ ಕಿಡ್ನಿ ಹಾಳಾಗಿ ಸತ್ತವು. 2006ರಲ್ಲಿ ಅದನ್ನು ದನಗಳಿಗೆ ನಿಷೇಧಿಸುವಷ್ಟರಲ್ಲಿ ಬಹುಪಾಲು ಹೋಗಿಯೇ ಬಿಟ್ಟಿದ್ದವು. ರಾಮನಗರದ ಬೆಟ್ಟದಲ್ಲಿ ಉಳಿದ ಕೆಲವೇ ಹಕ್ಕಿಗಳಿಗಾಗಿ 2012ರಲ್ಲಿ ರಣಹದ್ದು ಧಾಮ ಮಾಡಬೇಕಾಯಿತು. ವರ್ಷಕ್ಕೆ ಹೆಚ್ಚೆಂದರೆ ಒಂದು ಮೊಟ್ಟೆ ಇಡುವ ಹಕ್ಕಿ ಅದು. ಸುಮ್ನೆ ಕಾದರೆ ಬೇಗ ತುಂಬಿಕೊಳ್ಳುವುದಿಲ್ಲ.

ಇಲ್ಲಿ ಮಾರಾದಲ್ಲೂ ರಣಹದ್ದುಗಳು ಕ್ಷೇಮವಾಗಿಲ್ಲ. ಸಿಂಹ ಹಸು ಹಿಡಿದಾಗ, ಹೊಟ್ಟೆ ಉರಿದ ದನಗಾಹಿ ಕೆಲವೊಮ್ಮೆ ಉಳಿದ ಹೆಣಕ್ಕೆ ಕೀಟನಾಶಕ ಸುರಿಯುತ್ತಾನೆ. ಅವನ ಸಿಟ್ಟು ಸಿಂಹದ ಮೇಲೆ, ಆದರೆ ಹೆಣಕ್ಕೆ ಇಳಿದ ರಣಹದ್ದುಗಳೂ ಗುಂಪುಗುಂಪಾಗಿ ಸಾಯುತ್ತವೆ. ದನವೇ ಬದುಕಾಗಿರುವ ಅವರ ಮೇಲೆ ನನಗೆ ಕೋಪ ಬರಲಿಲ್ಲ. ರಾತ್ರಿ ದನ ಕೂಡುವ ದೊಡ್ಡಿಗೆ ಗಟ್ಟಿ ಬೇಲಿ ಹಾಕಿಕೊಡುವ ಕೆಲಸ ಕೆಲವು ಕಡೆ ನಡೆದಿದೆ. ಸರಿಯಾದ ದಾರಿ ಅದೇ ಅನಿಸಿತು. ಹಸು ಉಳಿದರೆ ವಿಷದ ಮಾತೇ ಬರುವುದಿಲ್ಲ, ಅಲ್ವಾ?

ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡು. ಅಜ್ಜಿಯ ಹಸುವಿಗೆ ಜ್ವರ, ಬಾವು ಬಂದಾಗ ಯಾವ ಇಂಜೆಕ್ಷನ್ ಕೊಡಿಸುತ್ತಾರೆ, ಶೀಶೆ ತರಿಸಿ ಓದು. ರಣಹದ್ದಿಗೆ ತೊಂದರೆ ಮಾಡದ ಮೆಲಾಕ್ಸಿಕ್ಯಾಮ್ ಅನ್ನುವ ನೋವಿನ ಔಷಧ ಇದೆ. ಅದು ಊರಿನ ಅಂಗಡಿಯಲ್ಲಿ ಸಿಗುತ್ತದಾ ವಿಚಾರಿಸು. ಸಿಗದಿದ್ದರೆ ನಿಮ್ಮ ಮೇಷ್ಟ್ರನ್ನು ಕೇಳಿ ನನಗೆ ಬರೆ.

ನಿನ್ನ ಅಮ್ಮ